ಕಿವಿಗೆ ಬಂದ ಪ್ರಸಾದ

(ಹಲಸೂರಿನಲ್ಲಿ ನಡೆದ ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನದ ಬರಹರೂಪ)



ಶ್ರಾವಣದಲ್ಲಿ ಒಂದು ತಿಂಗಳು ಕುಳಿತು ಪ್ರವಚನ ಕೇಳುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದು ಬಂದ ರೂಢಿ. ಈ ತಿಂಗಳ ಹುಣ್ಣಿಮೆ ಶ್ರವಣಾ ನಕ್ಷತ್ರದ ಬಳಿ ಬರುವುದರಿಂದ ತಿಂಗಳಿಗೆ ಶ್ರಾವಣವೆಂದು ಹೆಸರು. ಸಂಸ್ಕೃತದಲ್ಲಿ ಶ್ರವಣವೆಂದರೆ ಕಿವಿ. ಶ್ರವಣವೆಂದರೆ ಕೇಳುವ ಕ್ರಿಯೆಯೂ ಹೌದು. ಕಿವಿಯ ಹೆಸರನ್ನು ಹೊತ್ತ ತಿಂಗಳಲ್ಲಿ ಬಾಯಿಯ ಕೆಲಸ ನಮ್ಮದು, ಕಿವಿಯ ಕೆಲಸ ನಿಮ್ಮದು ಎಂದು ಹಂಚಿಕೊಂಡು ಇಷ್ಟು ದಿನ ನಡೆದಿದ್ದೇವೆ. ಈ ದಿನ ಕೇಳುವುದನ್ನು ಕುರಿತೇ ನಾಲ್ಕು ಮಾತು ಆಡೋಣವೆಂದು ಮನಸ್ಸಾಗಿದೆ. ಅದರಲ್ಲಿಯೂ ಹಾಡನ್ನು ಕೇಳುವುದು. ಹೇಗೆ ಕೇಳಿದರೆ ಅದು ನೊಂದ ಮನಸ್ಸಿಗೆ ಆಸರೆಯಾಗುತ್ತದೆ ಎಂಬುದು.

ಹಲಸೂರಿನವರಿಗೆ ನಾದದ ಬಡತನವೆಂಬುದಿಲ್ಲ. ಸೋಮೇಶ್ವರನ ಗುಡಿಯಲ್ಲಿ ನಾಗಸ್ವರ, ಕೆರೆಯ ದಡದ ಗುರುದ್ವಾರದಲ್ಲಿ ಕೀರ್ತನೆ. ಶಿವಾಜಿನಗರದ ಕಡೆಗೆ ನಡೆದರೆ ಮಸೀದಿಯ ಬಾಂಗು. ಸೆಪ್ಟೆಂಬರ್ 8ರ ಹಬ್ಬ ಹತ್ತಿರ ಬಂತೆಂದರೆ ಸೇಂಟ್ ಮೇರಿ ಬಸಿಲಿಕದ ಸುತ್ತಲಿನ ಬೀದಿಗಳಲ್ಲೆಲ್ಲ ಹಾಡು. ಇಂದಿರಾನಗರಕ್ಕೆ ಹೋದರೆ ಅಲ್ಲಿ ಸಂಗೀತ ಸಭೆಯವರ ಪುರಂದರ ಭವನ. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ತಮ್ಮ ದಂಡನ್ನು ತಂದು ಈ ಸೀಮೆಯಲ್ಲಿ ಇಳಿಸಿದಾಗ ಅದರ ಹಿಂದೆಯೇ ಬ್ಯಾಂಡೂ ಬಂತು. ದಂಡಿನ ಬ್ಯಾಂಡಿಗೆ ಒಂದು ಗುಣವುಂಟು: ಸಾವಿರ ಕಾಲು ಒಂದೇ ಹೆಜ್ಜೆ ಹಾಕುವಂತೆ ಅದು ಮಾಡುತ್ತದೆ. ಹಾಗೆ ಹೆಜ್ಜೆ ಹಾಕುವಾಗ ಯಾರಿಗೂ ತನ್ನ ಮನಸ್ಸಿನ ಕಡೆ ನೋಡಲು ಬಿಡುವಿರುವುದಿಲ್ಲ. ಇರಬಾರದೆಂದೇ ಆ ಸಂಗೀತ. ಅದಕ್ಕೆ ಅದರ ಕೆಲಸವುಂಟು, ನಾವು ಹಳಿಯುವುದಿಲ್ಲ. ಕುಳಿತು ಕೇಳುವ ಸಂಗೀತ ಬೇರೆ, ಅಷ್ಟೇ.

ಈಗಿನ ಕಾಲದಲ್ಲಿ ಬ್ಯಾಂಡು ಕಿವಿಯ ಒಳಗೇ ಬಂದು ಕುಳಿತಿದೆ. 2011ರ ಅಕ್ಟೋಬರಿನಲ್ಲಿ ಮಹಾತ್ಮಾ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗೆ ಮೊದಲ ಮೆಟ್ರೊ ಓಡಿತು. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಉಳಿದಿದ್ದ ತುಂಡು ಸೇರಿಕೊಂಡು ವೈಟ್‌ಫೀಲ್ಡಿನವರೆಗೆ ಒಂದೇ ದಾರಿಯಾಯಿತು. ಭಕ್ತರೊಬ್ಬರ ಒತ್ತಾಯಕ್ಕೆ ನಾವೂ ಅದರಲ್ಲಿ ಕುಳಿತು ಕೃಷ್ಣರಾಜಪುರಕ್ಕೆ ಹೋಗಿ ಬಂದೆವು. ಡಬ್ಬಿಯ ತುಂಬ ಜನ, ಮಾತಿಲ್ಲ. ಹತ್ತರಲ್ಲಿ ಎಂಟು ಜನರ ಕಿವಿಯಲ್ಲಿ ಅವರೆಯ ಕಾಳಿನಷ್ಟು ಯಂತ್ರ. ಎಲ್ಲರೂ ಹಾಡು ಕೇಳುತ್ತಿದ್ದಾರೆ, ಮುಖದಲ್ಲಿ ಮಾತ್ರ ಹಾಡು ಕೇಳಿದ ಗುರುತಿಲ್ಲ. ಬೆರಳು ಗಾಜಿನ ಮೇಲೆ ಆಡುತ್ತಲೇ ಇದೆ. ಒಂದು ಹಾಡು ಹತ್ತು ಕ್ಷಣ, ಬೇಡ. ಇನ್ನೊಂದು ಹತ್ತು ಕ್ಷಣ, ಅದೂ ಬೇಡ. ಅರ್ಧ ಗಂಟೆಯ ಪಯಣದಲ್ಲಿ ಐವತ್ತು ಹಾಡಿನ ತುದಿ ಕಚ್ಚಿ ಬಿಟ್ಟಿರಬಹುದು.

ಹೀಗೆ ಪಯಣಿಸುವ ಒಬ್ಬ ಹುಡುಗ ಕೆಲವು ತಿಂಗಳ ಹಿಂದೆ ಮಠಕ್ಕೆ ಬಂದಿದ್ದ. ಕಲಬುರಗಿ ಕಡೆಯವನು. ಕೃಷ್ಣರಾಜಪುರದ ಬಳಿ ಒಂದು ಪಿ.ಜಿ.ಯಲ್ಲಿ ಮೂವರ ಜೊತೆ ಇರುವವನು. ಕೆಲಸ ಹೋಗಿ ಎರಡು ತಿಂಗಳಾಗಿತ್ತು, ಊರಿಗೆ ಹೇಳಿರಲಿಲ್ಲ. ದಿನವೂ ಎದ್ದು, ಸ್ನಾನ ಮಾಡಿ, ಚೀಲ ಹೆಗಲಿಗೇರಿಸಿ ಮೆಟ್ರೊ ಹತ್ತುತ್ತಿದ್ದ. ಕೊನೆಯವರೆಗೆ ಹೋಗಿ ತಿರುಗಿ ಬರುತ್ತಿದ್ದ. ಕಿವಿಯಲ್ಲಿ ಹಾಡು. ರಾತ್ರಿಯೂ ಹಾಡು ಹಾಕಿಕೊಂಡೇ ಮಲಗುವುದು. ನಿದ್ದೆ ಮಾತ್ರ ಇಲ್ಲ. “ಅಷ್ಟು ಹಾಡು ಯಾತಕ್ಕಪ್ಪಾ?” ಎಂದೆವು. “ಅಪ್ಪಾರ, ಹಾಡು ಬಂದ್ ಮಾಡಿದ್ರ ಒಳಗಿನವ ಮಾತಾಡ್ಲಿಕ್ಕ ಶುರು ಮಾಡ್ತಾನ್ರಿ” ಎಂದ. “ಏನಂತಾನೆ ಒಳಗಿನವ?” ತುಸು ಹೊತ್ತು ಸುಮ್ಮನಿದ್ದು ಹೇಳಿದ: “ನೀ ಯಾ ಕೆಲಸಕ್ಕೂ ಬರಲಾರ್ದವ ಅಂತಾನ್ರಿ. ನೀ ಇದ್ದರೇನು, ಇಲ್ಲದಿದ್ದರೇನು ಅಂತಾನ್ರಿ.”

ಮಹನೀಯರೇ, ಈ ಕೊನೆಯ ಮಾತು ಯಾರ ಬಾಯಿಂದ ಬಂದರೂ ಅದನ್ನು ಹಗುರವಾಗಿ ತಿಳಿಯತಕ್ಕದ್ದಲ್ಲ. ಆ ದಿನವೇ ಒಬ್ಬರನ್ನು ಜೊತೆ ಮಾಡಿ ಅವನನ್ನು ವೈದ್ಯರಲ್ಲಿಗೆ ಕಳುಹಿಸಿದೆವು. ಅದರ ಸಂಗತಿ ಮುಂದೆ ಹೇಳುತ್ತೇವೆ. ಈಗ ಗಮನಿಸಬೇಕಾದುದೇನೆಂದರೆ, ಆ ಹುಡುಗ ದಿನಕ್ಕೆ ಹತ್ತು ಗಂಟೆ ಸಂಗೀತದಲ್ಲಿದ್ದ; ಒಂದು ಗಳಿಗೆಯೂ ಸಂಗೀತ ಕೇಳಿರಲಿಲ್ಲ. ಹಾಡನ್ನು ಅವನು ಬಾಗಿಲಿಗೆ ಒತ್ತಿ ಹಿಡಿದ ಹಲಗೆಯಂತೆ ಬಳಸುತ್ತಿದ್ದ. ಹೊರಗಿನಿಂದ ಒಬ್ಬ ಬಾಗಿಲು ಬಡಿಯುತ್ತಿದ್ದಾನೆ, ಇವನು ಒಳಗಿನಿಂದ ಹಲಗೆ ಒತ್ತಿ ನಿಂತಿದ್ದಾನೆ. ತೋಳು ಸೋಲದೆ ಇದ್ದೀತೆ?

ಹಾಗಾದರೆ ಕೇಳುವುದು ಹೇಗೆ? ನಮ್ಮ ಷಟ್‌ಸ್ಥಲ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯುವವರು ಪೂಜೆ ಅಂಗೈಗೆ ಮುಗಿಯಿತೆಂದು ತಿಳಿಯಬಾರದು. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಹೃದಯಕ್ಕೆ ಮಹಾಲಿಂಗ ಎಂದು ಹೇಳಿದ ನಮ್ಮ ಹಿರಿಯರು ಕಿವಿಗೆ ಯಾವ ಲಿಂಗವನ್ನು ಹೇಳಿದರು? ಪ್ರಸಾದಲಿಂಗ. ಕಿವಿಗೆ ಬಂದ ಶಬ್ದವನ್ನು ಮೊದಲು ಅಲ್ಲಿರುವ ಲಿಂಗಕ್ಕೆ ಅರ್ಪಿಸಿ, ಬಳಿಕ ಪ್ರಸಾದವೆಂದು ತಾನು ಸ್ವೀಕರಿಸಬೇಕು. ಅರ್ಪಿಸುವುದಕ್ಕೆ ಮೊದಲು ಅದು ಪದಾರ್ಥ, ಅರ್ಪಿಸಿದ ಮೇಲೆ ಪ್ರಸಾದ.

ಪ್ರಸಾದ ಸ್ವೀಕರಿಸುವ ಕ್ರಮ ನಿಮಗೆಲ್ಲ ಗೊತ್ತು. ದಾಸೋಹದ ಪಂಕ್ತಿಯಲ್ಲಿ ಕುಳಿತವನು ಬಡಿಸಿದ್ದನ್ನು ಕಸಿದುಕೊಳ್ಳುವುದಿಲ್ಲ. ಉಣ್ಣುವಷ್ಟೇ ಹಾಕಿಸಿಕೊಳ್ಳುತ್ತಾನೆ. ಹಾಕಿಸಿಕೊಂಡದ್ದನ್ನು ಬಿಡುವುದಿಲ್ಲ, ನಿಷ್ಠೆಯುಳ್ಳವರು ತಟ್ಟೆ ತೊಳೆದ ನೀರನ್ನೂ ಚೆಲ್ಲುವುದಿಲ್ಲ. ಇದನ್ನೇ ಕಿವಿಗೆ ಅನ್ವಯಿಸಿ ನೋಡಿರಿ. ಒಂದು ಹಾಡನ್ನು ಹಾಕಿಸಿಕೊಂಡ ಮೇಲೆ ಅದು ಮುಗಿಯುವವರೆಗೆ ಕೂಡಬೇಕು. ಮುಗಿದ ಮೇಲೆ ತಟ್ಟೆ ತೊಳೆಯುವಷ್ಟು ಹೊತ್ತು ಸುಮ್ಮನಿರಬೇಕು. ಉಣ್ಣುತ್ತ ಇನ್ನೊಬ್ಬರ ಎಲೆಯ ಕಡೆ ನೋಡಬಾರದು; ಅಂದರೆ ಕೇಳುತ್ತ ಇನ್ನೊಂದು ಹಾಡನ್ನು ಹುಡುಕಬಾರದು. ಐವತ್ತು ಹಾಡಿನ ತುದಿ ಕಚ್ಚಿ ಎಸೆಯುವವನು ಪಂಕ್ತಿಯಲ್ಲಿ ಕುಳಿತು ಐವತ್ತು ತುತ್ತು ನೆಲಕ್ಕೆ ಚೆಲ್ಲಿದವನ ಹಾಗೆ. ಹೊಟ್ಟೆ ತುಂಬಲಿಲ್ಲವೆಂದು ಅವನು ದೂರಿದರೆ ತಪ್ಪು ಅಡಿಗೆಯದಲ್ಲ.

ಪ್ರಸಾದ ಎಂಬ ಮಾತಿಗೆ ಸಂಸ್ಕೃತದಲ್ಲಿ ಇನ್ನೊಂದು ಅರ್ಥವೂ ಉಂಟು: ತಿಳಿಯಾಗುವುದು. ಹಿಂದೆ ಕದಡಿದ ನೀರಿನ ಮಡಕೆಗೆ ಕತಕದ ಬೀಜವನ್ನು ತೇಯ್ದು ಹಾಕುತ್ತಿದ್ದರು. ಕೆಸರು ತಳಕ್ಕೆ ಇಳಿದು ನೀರು ತಿಳಿಯಾಗುತ್ತಿತ್ತು. ಆ ತಿಳಿತನಕ್ಕೆ ಪ್ರಸಾದವೆಂದು ಹೆಸರು. ಪ್ರಸನ್ನ ಎಂಬುದೂ ಅದೇ ಧಾತುವಿನಿಂದ ಬಂದದ್ದು. ಪತಂಜಲಿ ಮಹರ್ಷಿಗಳು ಯೋಗಸೂತ್ರದ ಮೊದಲ ಪಾದದಲ್ಲಿಯೇ ಚಿತ್ತಪ್ರಸಾದನವೆಂಬ ಮಾತನ್ನು ಬಳಸಿದ್ದಾರೆ. ಚಿತ್ತ ತಿಳಿಯಾಗಲು ಅವರು ಹೇಳುವ ಸಾಧನ ಯಾವುದು? ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಸಂತೋಷ, ಪಾಪಿಗಳಲ್ಲಿ ಉಪೇಕ್ಷೆ. ದುಃಖಿಗಳಲ್ಲಿ ಕರುಣೆ ಎಂದ ಕೂಡಲೇ ನಮ್ಮ ಕಣ್ಣು ಹೊರಗೆ ಹೋಗುತ್ತದೆ. ಯಾರು ದುಃಖಿ, ಎಲ್ಲಿದ್ದಾನೆ, ಅವನಿಗೆ ಒಂದು ಹೊದಿಕೆ ಕೊಡೋಣ, ಒಂದು ಊಟ ಹಾಕೋಣ ಎಂದು ಹುಡುಕುತ್ತೇವೆ. ಒಳ್ಳೆಯದೇ. ಆದರೆ ಆ ಹೊತ್ತಿನಲ್ಲಿ ದುಃಖಿಯಾದವನು ನೀನೇ ಆಗಿದ್ದರೆ?

ಧರ್ಮ ನಿಂತಿರುವುದು ದಯೆಯ ಮೇಲೆ ಎಂದು ಬಸವಣ್ಣನವರು ಸಾರಿ ಎಂಟು ಶತಮಾನಗಳಿಗೂ ಮೇಲಾಯಿತು. ಆ ದಯೆಯನ್ನು ಅವರು ಇಂಥವರಿಗೆ ಉಂಟು, ಇಂಥವರಿಗೆ ಇಲ್ಲ ಎಂದು ಹಂಚಲಿಲ್ಲ. ಜೀವವಿರುವ ಎಲ್ಲವನ್ನೂ ಸೇರಿಸಿದರು. ನಮ್ಮ ಜನ ಇರುವೆಗೆ ಸಕ್ಕರೆ ಹಾಕುತ್ತಾರೆ, ಬೀದಿಯ ನಾಯಿಗೆ ರೊಟ್ಟಿ ಹಾಕುತ್ತಾರೆ. ತನ್ನ ಚರ್ಮದ ಒಳಗೆ ಕುಳಿತಿರುವ ಒಂದು ಪ್ರಾಣಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಬೆಳಗಿನಿಂದ ರಾತ್ರಿಯವರೆಗೆ ಬೈಗುಳ. ನೆರೆಯವನ ಮಗ ಪರೀಕ್ಷೆಯಲ್ಲಿ ನಪಾಸಾದರೆ “ಹೋಗಲಿ ಬಿಡಪ್ಪ, ಮುಂದಿನ ಸಲ ಬರೆದರಾಯಿತು” ಎನ್ನುವ ತಾಯಿ, ತಾನು ಒಲೆಯ ಮೇಲಿನ ಹಾಲು ಉಕ್ಕಿಸಿದ್ದಕ್ಕೆ ದಿನವಿಡೀ ತನ್ನನ್ನು ಶಪಿಸಿಕೊಳ್ಳುತ್ತಾಳೆ.

ಇಲ್ಲಿ ಬಲ್ಲವರು ಒಂದು ಪ್ರಶ್ನೆ ಎತ್ತಬಹುದು. ಬಸವಣ್ಣನವರೇ ತಮ್ಮ ವಚನಗಳಲ್ಲಿ ತಮ್ಮ ಮನಸ್ಸನ್ನು ಎಷ್ಟೊಂದು ಬೈದುಕೊಂಡಿದ್ದಾರಲ್ಲ, ಅದನ್ನು ಕೋತಿಗೆ ಹೋಲಿಸಿದ್ದಾರಲ್ಲ, ತಮಗಿಂತ ಕಿರಿಯರಿಲ್ಲವೆಂದಿದ್ದಾರಲ್ಲ ಎಂದು. ಹೌದು. ಆದರೆ ಆ ವಚನಗಳು ಯಾರೊಡನೆ ಆಡಿದ ಮಾತು ಎಂಬುದನ್ನು ನೋಡಬೇಕು. ಒಂದೊಂದರ ಕೊನೆಗೂ ಕೂಡಲಸಂಗಮದೇವನ ಹೆಸರಿದೆ. ಬಿದ್ದ ಮಗು ತಾಯಿಯ ಮುಂದೆ ನಿಂತು “ನಾನು ಬಿದ್ದೆ” ಎಂದು ಅತ್ತ ಹಾಗೆ, ತಮ್ಮನ್ನು ಎಂದೂ ಕೈಬಿಡದವನ ಮುಂದೆ ಅವರು ತಮ್ಮ ಕೊರತೆಯನ್ನು ತೋಡಿಕೊಂಡರು. ಆ ಹುಡುಗನ ಒಳಗಿನವನು ಮಾತನಾಡುತ್ತಿದ್ದುದು ಯಾರ ಮುಂದೆ? ಯಾರೂ ಇಲ್ಲದ ಕತ್ತಲೆಯ ಕೋಣೆಯಲ್ಲಿ. ಎರಡೂ ಒಂದೇ ಎಂದು ತಿಳಿದು, ತನ್ನನ್ನು ತಾನು ಹೊಡೆದುಕೊಳ್ಳುವುದೇ ಭಕ್ತಿಯೆಂದು ನಂಬಿದವರನ್ನು ನಾವು ಬಹಳ ಮಂದಿಯನ್ನು ನೋಡಿದ್ದೇವೆ. ಅದು ಭಕ್ತಿಯಲ್ಲ, ರೋಗ.

ಅದೇ ಬಸವಣ್ಣನವರು ಇನ್ನೊಂದು ಕಡೆ ತಮ್ಮ ದೇಹವನ್ನೇ ವಾದ್ಯವಾಗಿ ಮಾಡಿಕೊಂಡು ನುಡಿಸಬೇಕೆಂದು ದೇವನನ್ನು ಬೇಡುತ್ತಾರೆ. ಮತ್ತೊಂದು ಕಡೆ ತಮಗೆ ತಾಳದ ಲೆಕ್ಕ, ಛಂದಸ್ಸಿನ ಲೆಕ್ಕ ತಿಳಿಯದೆಂದೂ ಒಲಿದಂತೆ ಹಾಡುವುದಾಗಿಯೂ ಹೇಳಿದ್ದಾರೆ. ತಿಳಿಯದು ಎಂದು ಹೇಳುವಾಗ ಅಲ್ಲಿ ನಾಚಿಕೆಯ ಸುಳಿವೂ ಇಲ್ಲವೆಂಬುದನ್ನು ಗಮನಿಸಿರಿ.

ದೇಹವೇ ವಾದ್ಯವೆಂಬ ಮಾತು ಬರಿಯ ಅಲಂಕಾರವೇನೂ ಅಲ್ಲ. 13ನೇ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ವೆಂಬ ದೊಡ್ಡ ಗ್ರಂಥವನ್ನು ಬರೆದ. ಗ್ರಂಥವನ್ನು ತೆರೆದವರು ಸ್ವರ, ಶ್ರುತಿ, ರಾಗಗಳನ್ನು ನಿರೀಕ್ಷಿಸುತ್ತಾರೆ. ಅವನು ಮೊದಲು ಪಿಂಡೋತ್ಪತ್ತಿಯನ್ನು ಹೇಳುತ್ತಾನೆ: ಗರ್ಭದಲ್ಲಿ ದೇಹ ಹೇಗೆ ರೂಪುಗೊಳ್ಳುತ್ತದೆ, ಎಲುಬು ನರಗಳು ಎಲ್ಲಿರುತ್ತವೆ, ಪ್ರಾಣವಾಯು ಎಲ್ಲಿ ಸಂಚರಿಸುತ್ತದೆ ಎಂದು. ಅವನ ಮನೆತನ ವೈದ್ಯವಿದ್ಯೆಯನ್ನು ಬಲ್ಲ ಮನೆತನ. ನಾದ ದೇಹದಿಂದ ಏಳುತ್ತದೆಯಾದ್ದರಿಂದ ದೇಹವನ್ನು ಅರಿಯದೆ ನಾದವನ್ನು ಅರಿಯಲಾಗದೆಂಬುದು ಅವನ ಅಭಿಪ್ರಾಯ. ಹಾಡು ಕೇಳುವಾಗ ಉಸಿರು ತಾನಾಗಿ ನಿಧಾನವಾಗುವುದನ್ನು, ಬಿಗಿದ ಹೆಗಲು ಸಡಿಲವಾಗುವುದನ್ನು ನೀವೇ ಬಲ್ಲಿರಿ. ಕೇಳುವುದು ಇಡೀ ದೇಹದ ಕೆಲಸ.

ವಾದ್ಯದ ಮಾತು ಬಂದದ್ದರಿಂದ ತಂಬೂರಿಯ ಒಂದು ಗುಟ್ಟನ್ನು ಹೇಳುತ್ತೇವೆ. ತಂಬೂರಿಗೆ ನಾಲ್ಕು ತಂತಿ. ಬಿರಡೆ ತಿರುಗಿಸಿ ಶ್ರುತಿ ಸರಿ ಮಾಡಿದರೂ ಕೆಲವೊಮ್ಮೆ ತಂತಿ ಟಿಣ್ ಎಂದು ಒಣಗಿದ ಸದ್ದು ಮಾಡಿ ಸುಮ್ಮನಾಗುತ್ತದೆ. ಆಗ ಬಲ್ಲವರು ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ಎಳೆ ನೂಲನ್ನು ಸೇರಿಸಿ ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾರೆ. ಯಾವುದೋ ಒಂದು ಜಾಗದಲ್ಲಿ ನಾದ ಅರಳಿ ಬಿಡುತ್ತದೆ. ಒಂದು ತಂತಿಯೊಳಗೆ ಹತ್ತು ಸ್ವರ ಕೇಳುತ್ತದೆ. ಆ ನೂಲಿಗೆ ಜೀವಾಳ ಎಂದು ಹೆಸರು. ನಾವು ದಿನವೂ ಬಳಸುವ ಜೀವಾಳ ಎಂಬ ಮಾತು ಇದೇ. ಮನಸ್ಸಿನ ತಂತಿಗೆ ದಯೆಯೇ ಈ ನೂಲು. ನಮ್ಮ ಜನ ಮಾಡುವುದೇನು? ತಂತಿ ನುಡಿಯಲಿಲ್ಲವೆಂದು ಬಿರಡೆಯನ್ನು ಇನ್ನೂ ಬಿಗಿಯುತ್ತಾರೆ. ಇನ್ನಷ್ಟು ಶಿಸ್ತು, ಇನ್ನಷ್ಟು ಬೈಗುಳ, ಇನ್ನಷ್ಟು ಉಪವಾಸ. ಬುದ್ಧನ ಶಿಷ್ಯರಲ್ಲಿ ಸೋಣನೆಂಬವನು ಹೀಗೆಯೇ ಮಾಡಿದ; ಸಾಧನೆಯ ಹಟದಲ್ಲಿ ನಡೆದು ನಡೆದು ಅಂಗಾಲು ಒಡೆದು ರಕ್ತ ಬಂತು. ಮೊದಲು ಅವನು ವೀಣೆ ನುಡಿಸುತ್ತಿದ್ದವನು. ಬುದ್ಧ ಅವನಿಗೆ ಉಪದೇಶ ಮಾಡಲಿಲ್ಲ. ತಂತಿ ತೀರ ಬಿಗಿಯಾದರೆ ವೀಣೆ ನುಡಿಯುತ್ತಿತ್ತೇ, ತೀರ ಸಡಿಲಾದರೆ ನುಡಿಯುತ್ತಿತ್ತೇ ಎಂದು ಅವನ ವಿದ್ಯೆಯಿಂದಲೇ ಕೇಳಿದ. ಸಂಗೀತ ಬಲ್ಲವನಿಗೆ ಅಷ್ಟು ಸಾಕಾಯಿತು.

ಆ ಹುಡುಗನಿಗೆ ವೈದ್ಯರ ಔಷಧಿ ನಡೆದಿರುವಂತೆಯೇ ನಾವೂ ಒಂದು ಅಭ್ಯಾಸ ಹೇಳಿದೆವು. ಬೆಳಿಗ್ಗೆ ಲಿಂಗಪೂಜೆಯಾದ ಮೇಲೆ, ಅಥವಾ ಸಂಜೆ, ಹದಿನೈದು ನಿಮಿಷ. ಒಂದೇ ಹಾಡು. ಕಿವಿಯ ಯಂತ್ರ ಬೇಡ, ಹೊರಗೆ ಕೇಳಲಿ, ದನಿಯೂ ಮೆಲ್ಲಗಿರಲಿ. ಮೊದಲು ತಂಬೂರಿಯ ಶ್ರುತಿಯನ್ನು ಮಾತ್ರ ಕೇಳು; ಹಾಡುವವರು ಬರಲಿ, ಅವಸರವಿಲ್ಲ. ಆಮೇಲೆ ದನಿ ಎಲ್ಲಿ ಏಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಜೊತೆಯಲ್ಲಿ ಹೋಗು. ಮನಸ್ಸು ಓಡಿಹೋಗುತ್ತದೆ, ಓಡಿಯೇ ಹೋಗುತ್ತದೆ. ಹಗ್ಗ ಕಿತ್ತ ಕರುವನ್ನು ಯಾರೂ ದೊಣ್ಣೆಯಿಂದ ಹೊಡೆದು ತರುವುದಿಲ್ಲ. ಕೊರಳು ತುರಿಸಿ ಕರೆದುಕೊಂಡು ಬರುತ್ತಾರೆ. ಹಾಗೆ ಕರೆದುಕೊಂಡು ಬಾ. ಹತ್ತು ಸಲ ಹೋದರೆ ಹತ್ತು ಸಲ. ಒಳಗಿನವನು ಮಾತನಾಡಲು ತೊಡಗಿದರೆ ಅವನನ್ನು ಅಟ್ಟಬೇಡ, ಅವನ ಮಾತನ್ನು ನಂಬಲೂ ಬೇಡ. ಪಕ್ಕದಲ್ಲಿ ಕೂಡಿಸಿಕೊಂಡು “ನೀನೂ ಕೇಳಪ್ಪ” ಎನ್ನು.

ಈ ಕೊನೆಯ ಮಾತಿಗೆ ಹುಡುಗ ನಕ್ಕ. ಮಠಕ್ಕೆ ಬಂದ ಮೇಲೆ ಅದೇ ಮೊದಲು ನಕ್ಕದ್ದು. ತಿಂಗಳ ಮೇಲೆ ತಿರುಗಿ ಬಂದಾಗ “ಅಪ್ಪಾರ, ಅವ ಈಗೂ ಬರ್ತಾನ್ರಿ. ಆದ್ರ ದನಿ ಸಣ್ಣದಾಗ್ಯದ” ಎಂದ. ಊರಿಗೂ ಹೇಳಿದ್ದ. ತಂದೆ ಬೈಯಲಿಲ್ಲವಂತೆ; ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ರಾತ್ರಿಯ ರೈಲಿಗೆ ಹೊರಟು ಬಂದರಂತೆ.

ಏನನ್ನು ಕೇಳಬೇಕು ಎಂದು ಕೇಳುವವರುಂಟು. ನಾವು ಆ ಹುಡುಗನಿಗೆ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ಹೇಳಿದೆವು. 1910ರಲ್ಲಿ ಧಾರವಾಡದ ಬಳಿಯ ಮನ್ಸೂರಿನಲ್ಲಿ ಹುಟ್ಟಿ, ಮೊದಲು ನೀಲಕಂಠ ಬುವಾ ಅವರಲ್ಲಿ, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಕಲಿತವರು. 1992ರಲ್ಲಿ ಲಿಂಗೈಕ್ಯರಾಗುವವರೆಗೆ ಹಾಡಿದರು. ಅವರು ವಚನದ ಒಂದು ಮಾತನ್ನು ಹಿಡಿದರೆ ಅದನ್ನು ಬಿಡಿಸಿ ಬಿಡಿಸಿ ನೋಡುತ್ತಾರೆ, ಅವಸರಪಡುವುದಿಲ್ಲ. ಕೇಳುವವನಿಗೂ ಆ ನಿಧಾನ ಅಂಟುತ್ತದೆ. ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿಯ ಪದಗಳಾದರೂ ಆದೀತು, ನಮ್ಮ ಬೆಂಗಳೂರಿನವರೇ ಆದ ಸರ್ಪಭೂಷಣ ಶಿವಯೋಗಿಗಳ ಪದಗಳಾದರೂ ಆದೀತು. ನೆರೆಮನೆಯವರ ತೇವಾರವಾದರೂ, ಗುರುದ್ವಾರದ ಕೀರ್ತನೆಯಾದರೂ ಅಡ್ಡಿಯಿಲ್ಲ. ಸಿನಿಮಾದ ಹಾಡು ಬೇಡವೇ ಎಂದರೆ, ಹಳೆಯ ಒಳ್ಳೆಯ ಹಾಡುಗಳುಂಟು, ಕೇಳಿರಿ. ಮಠದವರು ಬೇಡವೆಂದರು ಎಂದು ಕದ್ದು ಕೇಳುವುದಕ್ಕಿಂತ ಕುಳಿತು ಕೇಳುವುದು ಲೇಸು.

ಇನ್ನೊಂದು ಸಂಗತಿ. ಇದೇ ಹಲಸೂರಿನ ಒಬ್ಬ ತಾಯಿ. 2021ರ ಬೇಸಿಗೆಯಲ್ಲಿ ಕೊರೋನಾ ಕಾಲದಲ್ಲಿ ಅವರ ಮಗ ಹೋದ. ಮುಖ ನೋಡಲೂ ಸರಿಯಾಗಿ ಆಗಲಿಲ್ಲ. ಆ ವರ್ಷ ಎಷ್ಟೋ ಮನೆಗಳಲ್ಲಿ ಹಾಗೆಯೇ ಆಯಿತು. ಇಲ್ಲಿ ಕುಳಿತವರಲ್ಲಿಯೂ ಇದ್ದೀರಿ. ಆ ತಾಯಿ ಹೇಳಿದರು: “ಬುದ್ಧೀ, ಅವನು ಯಾವಾಗ್ಲೂ ಗುನುಗ್ತಿದ್ದದ್ದು ಒಂದೇ ಹಾಡು. ಅದನ್ನ ಹಾಕಿದ್ರೆ ನಾನು ಅಳ್ತೀನಿ ಅಂತ ಮನೆಯೋರು ಫೋನಿಂದಾನೇ ಅಳಿಸಿಬಿಟ್ಟಿದಾರೆ.”

ಮನೆಯವರದು ಕೆಟ್ಟ ಮನಸ್ಸಲ್ಲ. ಅಳು ನಿಂತರೆ ನೋವು ನಿಂತಿತು ಎಂದು ಅವರು ತಿಳಿದರು. ಭವಭೂತಿ ಮಹಾಕವಿ ‘ಉತ್ತರರಾಮಚರಿತ’ ನಾಟಕದಲ್ಲಿ ದುಃಖವನ್ನು ತುಂಬಿ ಬಂದ ಕೆರೆಗೆ ಹೋಲಿಸಿದ್ದಾನೆ. ನೀರು ಹೊರಗೆ ಹರಿಯಲು ದಾರಿಯಿದ್ದರೆ ಮಾತ್ರ ಕೆರೆ ಉಳಿಯುತ್ತದೆ, ಶೋಕ ತುಂಬಿದ ಹೃದಯಕ್ಕೂ ಅಳುವೇ ಆ ದಾರಿ ಎಂಬುದು ಅವನ ಭಾವ. ಬೆಂಗಳೂರಿನ ಪೂರ್ವದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕೇ? ಈ ಸೀಮೆಯೇ ಕೆರೆಗಳ ಸೀಮೆ. ಹಲಸೂರು ಕೆರೆ, ಬೆಳ್ಳಂದೂರು, ವರ್ತೂರು, ಕೃಷ್ಣರಾಜಪುರದ ಆಚೆ ಎಲೆ ಮಲ್ಲಪ್ಪ ಶೆಟ್ಟರ ಕೆರೆ. ಎಲೆಯ ವ್ಯಾಪಾರದಲ್ಲಿ ದುಡಿದ ಹಣವನ್ನು ಆ ಪುಣ್ಯಾತ್ಮ ಕೆರೆಗೆ ಸುರಿದರು. ಕೆರೆ ಕಟ್ಟುವವನು ಏರಿಯನ್ನು ಎಷ್ಟು ಜೋಕೆಯಿಂದ ಕಟ್ಟುತ್ತಾನೋ ಕೋಡಿಯನ್ನೂ ಅಷ್ಟೇ ಜೋಕೆಯಿಂದ ಬಿಡುತ್ತಾನೆ. ಕೋಡಿಯಿಲ್ಲದ ಕೆರೆ ಮೊದಲ ದೊಡ್ಡ ಮಳೆಗೇ ಏರಿ ಒಡೆದುಕೊಳ್ಳುತ್ತದೆ. ಆ ತಾಯಿಗೆ ಮಗನ ಹಾಡೇ ಕೋಡಿ. ಅದನ್ನು ಮುಚ್ಚಿದರೆ ನೀರು ಎಲ್ಲಿಗೆ ಹೋಗಬೇಕು?

ಮನೆಯವರನ್ನು ಕರೆಸಿ ಹಾಡನ್ನು ತಿರುಗಿ ಹಾಕಿಸಿದೆವು. ಒಂದು ಕಟ್ಟಳೆ ಮಾತ್ರ ಮಾಡಿದೆವು: ನಡುರಾತ್ರಿಯಲ್ಲಿ ಒಬ್ಬರೇ ಕೇಳಬಾರದು, ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕೂಡಿ ಕೇಳಬೇಕು, ಅಳು ಬಂದರೆ ಯಾರೂ ತಡೆಯಬಾರದು. ಮೊದಲ ವಾರ ಆ ಮನೆಯ ಯಜಮಾನರೇ ಅತ್ತರಂತೆ. ಎರಡು ವರ್ಷದಿಂದ ಅವರು ಕಣ್ಣೀರು ಹಾಕಿರಲಿಲ್ಲವಂತೆ. ಹೆಂಡತಿಗೆ ಧೈರ್ಯ ಹೇಳುವ ಕೆಲಸದಲ್ಲಿ ತಮ್ಮ ಸರದಿ ಬರಲೇ ಇಲ್ಲ.

ಕೂಡಿ ಕೇಳುವುದರಲ್ಲಿ ಒಂದು ಬಲವುಂಟು. ಆಕಾಶವಾಣಿ ಎಂಬ ಹೆಸರು ನಮ್ಮ ಮೈಸೂರಿನ ಕೊಡುಗೆ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅವರ ವೃತ್ತಿ ಯಾವುದೆಂದು ಬಲ್ಲಿರಾ? ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು! ಮನಸ್ಸನ್ನು ಓದಿದವರು ಊರಿಗೆ ಕಿವಿ ಕೊಟ್ಟರು. ಆಮೇಲೆ ಎಷ್ಟೋ ವರ್ಷ ಒಂದು ಬೀದಿಗೆ ಒಂದೇ ರೇಡಿಯೋ, ಒಂದು ಹಾಡಿಗೆ ಇಪ್ಪತ್ತು ಜನ. ಈಗ ಒಂದು ಮನೆಯಲ್ಲಿ ನಾಲ್ಕು ಜನ, ನಾಲ್ಕು ಹಾಡು, ಎಂಟು ಮುಚ್ಚಿದ ಕಿವಿ. ವಾರಕ್ಕೊಮ್ಮೆಯಾದರೂ ಕೂಡಿ ಕೇಳಿದರೆ ಯಾರ ಗಂಟೇನು ಹೋಗುತ್ತದೆ?

ಆದರೆ ಕೋಡಿಗೂ ಕೊಳಚೆಗೂ ಅಂತರವಿದೆ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹೊತ್ತಿ ಹೊಗೆ ಎದ್ದದ್ದು ನಿಮಗೆ ನೆನಪಿರಬೇಕು. ನೀರಿನ ಮೇಲೆ ಬೆಂಕಿ! ಊರಿನ ಕೊಳಚೆಯೆಲ್ಲ ಹರಿದು ಬಂದು ನಿಂತು ಕೊಳೆತರೆ ಹಾಗಾಗುತ್ತದೆ. ತನ್ನ ನೋವಿಗೆ ಹೊಂದುವ ಹಾಡನ್ನೇ ಹುಡುಕಿ, ಒಬ್ಬನೇ ಬಾಗಿಲು ಹಾಕಿಕೊಂಡು, ಅದನ್ನೇ ನೂರು ಸಲ ಕೇಳಿ, ಕೇಳಿದಷ್ಟೂ ತನ್ನ ಮೇಲೆ ಹಗೆ ಬೆಳೆಸಿಕೊಳ್ಳುವವರುಂಟು. ಮರುಗುವುದು ಬೇರೆ, ಕೊರಗುವುದು ಬೇರೆ. ಹಾಡು ಮುಗಿದಾಗ ಎದೆ ಹಗುರವಾಗಿ ಒಂದು ಲೋಟ ನೀರು ಕುಡಿಯೋಣವೆನಿಸಿದರೆ ಅದು ಮರುಕ. ಮುಗಿದಾಗ ಏಳಲೂ ಮನಸ್ಸಿಲ್ಲದೆ ಮತ್ತೆ ಅದನ್ನೇ ಹಾಕಿಕೊಂಡರೆ ಕೊರಗು. ಅಂಥ ಹಾಡನ್ನು ಕೆಲವು ದಿನ ಪಕ್ಕಕ್ಕಿಡಬೇಕು.

ಇಂಥ ರಾಗ ಕೇಳಿದರೆ ಇಂಥ ರೋಗ ವಾಸಿ ಎಂದು ಪಟ್ಟಿ ಅಚ್ಚು ಹಾಕಿಸಿ ಮಾರುವವರು ಬಂದಿದ್ದಾರೆ. ನಮ್ಮ ಮಠಕ್ಕೂ ಒಂದು ಪ್ರತಿ ತಂದುಕೊಟ್ಟಿದ್ದರು. ಸಕ್ಕರೆ ರೋಗಕ್ಕೆ ಒಂದು, ರಕ್ತದೊತ್ತಡಕ್ಕೆ ಒಂದು, ಕೋರ್ಟಿನ ವ್ಯಾಜ್ಯಕ್ಕೆ ಇರಲಿಲ್ಲ, ಅಷ್ಟೇ ಪುಣ್ಯ. ರಾಗವನ್ನು ಮಾತ್ರೆ ಮಾಡಬೇಡಿರಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಂಗೀತಕ್ಕೂ ಮಿದುಳಿಗೂ ಇರುವ ಸಂಬಂಧವನ್ನು ಅಭ್ಯಾಸ ಮಾಡುವ ಪ್ರಯೋಗಾಲಯವೇ ಉಂಟು. ಬಲ್ಲ ವೈದ್ಯರು ಸಂಗೀತವನ್ನು ಚಿಕಿತ್ಸೆಯ ಜೊತೆಗೆ ಇಡುತ್ತಾರೆ, ಚಿಕಿತ್ಸೆಯ ಬದಲಿಗೆ ಇಡುವುದಿಲ್ಲ. ಕಾಲು ಮುರಿದವನಿಗೆ ಭಜನೆಯಿಂದ ಧೈರ್ಯ ಬಂದೀತು. ಎಲುಬು ಕೂಡಿಸಲು ಕಟ್ಟು ಬೇಕೇ ಬೇಕು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕು ಬೇಡವೆಂಬ ಮಾತು ಒಳಗಾಗಲಿ ಹೊರಗಾಗಲಿ ಬಂದರೆ, ಮಠಕ್ಕೆ ಆಮೇಲೆ ಬನ್ನಿರಿ, ಮೊದಲು ವೈದ್ಯರಲ್ಲಿಗೆ ಹೋಗಿರಿ. 2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿಮಾನಸ್ ಎಂಬ ಏರ್ಪಾಡು ನಡೆದಿದೆ. 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಗಲಾಗಲಿ ಇರುಳಾಗಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಾದುದಿಲ್ಲ. ಈ ಸಂಖ್ಯೆಯನ್ನು ಬರೆದುಕೊಳ್ಳಿರಿ. ಮರ್ಯಾದೆ ಹೋಗುತ್ತದೆಂಬ ಅಂಜಿಕೆ ಬೇಡ. ಜ್ವರಕ್ಕೆ ವೈದ್ಯರಲ್ಲಿಗೆ ಹೋದರೆ ಯಾರ ಮರ್ಯಾದೆಯೂ ಹೋಗುವುದಿಲ್ಲವಲ್ಲ.

ನೀನು ಯಾವ ಕೆಲಸಕ್ಕೂ ಬಾರದವನು ಎಂಬ ಆ ಮಾತಿಗೆ ನಮ್ಮ ಸಮಾಜದಲ್ಲಿಯೇ ಒಂದು ದೊಡ್ಡ ಉತ್ತರ ದೊರೆತದ್ದುಂಟು. ಹಾನಗಲ್ಲ ಸೀಮೆಯಲ್ಲಿ 1892ರಲ್ಲಿ ಒಂದು ಮಗು ಹುಟ್ಟಿತು, ಕಣ್ಣಿಲ್ಲ. ಅಣ್ಣನಿಗೂ ಕಣ್ಣಿಲ್ಲ. ಕಣ್ಣಿಲ್ಲದ ಮಕ್ಕಳನ್ನು ಆ ಕಾಲದ ಜನ ಏನೆಂದು ಕರೆಯುತ್ತಿದ್ದರೆಂಬುದನ್ನು ಹೇಳಬೇಕಾದುದಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಆ ಹುಡುಗರ ದನಿಯನ್ನು ಕೇಳಿದರು. ನೋಡಲಿಲ್ಲ, ಕೇಳಿದರು. ಕೇಳಿ, ಸಂಗೀತದ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಆ ಮಗುವೇ ಪಂಚಾಕ್ಷರಿ ಗವಾಯಿಗಳು. ಅವರಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮ, ಅವರಿಂದ ಪುಟ್ಟರಾಜ ಗವಾಯಿಗಳು. ಪುಟ್ಟರಾಜರಿಗೂ ಎಳೆತನದಲ್ಲಿಯೇ ಕಣ್ಣು ಹೋಗಿತ್ತು. 2010ರಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಹಾಡಿದರು, ಬರೆದರು, ಜಾತಿ ಕೇಳದೆ ಅನಾಥ ಅಂಧ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಇಕ್ಕಿದರು. ಇದೆಲ್ಲ ನಡೆದದ್ದು ಒಬ್ಬ ಗುರು ಒಂದು ಮಗುವಿನ ದನಿಯನ್ನು ದಯೆಯಿಂದ ಕೇಳಿದ್ದರಿಂದ. ನಿಮ್ಮೊಳಗಿನ ಮಗುವಿಗೆ ಆ ಗುರುವಿನ ಕಿವಿಯನ್ನು ನೀವೇ ಕೊಡಬಾರದೇಕೆ?

ಮಾತು ಉದ್ದವಾಯಿತು. ಹಿಂದೆ ಕುಳಿತ ಕೂಸುಗಳು ಆಗಲೇ ನಿದ್ದೆ ಹೋಗಿವೆ. ಈಗ ನಮ್ಮ ಗವಾಯಿಗಳು ಅಕ್ಕಮಹಾದೇವಿಯವರ ಒಂದು ವಚನವನ್ನು ಹಾಡುತ್ತಾರೆ. ಅದಕ್ಕೆ ಮೊದಲು ತಂಬೂರಿ ಮಾತ್ರ ಎರಡು ನಿಮಿಷ ನುಡಿಯುತ್ತದೆ, ಬೇಸರಪಡಬೇಡಿರಿ. ಎಲ್ಲರೂ ಫೋನುಗಳನ್ನು ನಿಲ್ಲಿಸಿ ಚೀಲದಲ್ಲಿಡಿರಿ. ಚಿತ್ರ ತೆಗೆಯುವವರು ಈ ದಿನ ತೆಗೆಯುವುದು ಬೇಡ. ಕಣ್ಣು ಮುಚ್ಚುವವರು ಮುಚ್ಚಿಕೊಳ್ಳಬಹುದು. ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ಟದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ದಾಸೋಹಕ್ಕೆ ಏಳಿರಿ.